ಉಪ್ಪಿನ ಮುಚ್ಚಳದ ಕೆಳಗೆ



ಜಯನಗರದಲ್ಲೋ ಜೆ.ಪಿ. ನಗರದಲ್ಲೋ ನಿಮ್ಮ ಮನೆಯ ಬೀದಿಗೆ ಎಂದಾದರೂ ಕೊಳವೆ ಬಾವಿ ಕೊರೆಯುವ ಲಾರಿ ಬಂದು ನಿಂತದ್ದನ್ನು ನೀವು ನೋಡಿರಬೇಕು. ರಾತ್ರಿಯಿಡೀ ಅದರ ಗದ್ದಲ. ಬೆಳಗಾಗುವ ಹೊತ್ತಿಗೆ ಗಿಡಗಳ ಎಲೆಯ ಮೇಲೆ, ಕಾಂಪೌಂಡಿನ ಗೋಡೆಯ ಮೇಲೆ, ನಿಲ್ಲಿಸಿದ ಸ್ಕೂಟರುಗಳ ಮೇಲೆಲ್ಲ ಬೂದು ಬಣ್ಣದ ನುಣುಪಾದ ಪುಡಿ. ಸಾವಿರ ಅಡಿ ಇಳಿದರೂ ಮೇಲಕ್ಕೆ ಬರುವುದು ಅದೇ ಪುಡಿ; ಅದೃಷ್ಟವಿದ್ದರೆ ಒಂದಿಷ್ಟು ಕೆಸರು ನೀರು. ಅಲ್ಲಿ ನಿಂತು ನೋಡುವ ನಿಮಗೆ ಒಂದು ಪ್ರಶ್ನೆ ಹೊಳೆದಿದ್ದರೆ ಆಶ್ಚರ್ಯವಿಲ್ಲ. ನಮ್ಮ ನೆಲದಲ್ಲಿ ಇಷ್ಟು ಆಳಕ್ಕೆ ಹೋದರೂ ನೀರೇ ದುರ್ಲಭವಾಗಿರುವಾಗ, ಬೇರೆ ಕೆಲವು ದೇಶಗಳಲ್ಲಿ ಅದೇ ಆಳದಿಂದ ಎಣ್ಣೆ ಚಿಮ್ಮುವುದು ಹೇಗೆ? ನಮ್ಮಲ್ಲಿ ಅದು ಏಕಿಲ್ಲ?

ಈ ಪ್ರಶ್ನೆಗೆ ಉತ್ತರದ ಅರ್ಧ ಭಾಗ ನಿಮ್ಮ ಕಾಲ ಕೆಳಗಿನ ಬಂಡೆಯಲ್ಲಿದೆ. ಇನ್ನರ್ಧ ನಿಮ್ಮ ಅಡಿಗೆ ಮನೆಯ ಉಪ್ಪಿನ ಜಾಡಿಯಲ್ಲಿದೆ. ಬಂಡೆಯಿಂದಲೇ ಆರಂಭಿಸೋಣ.

ಲಾಲ್‌ಬಾಗಿನ ಬಂಡೆ ಹೇಳುವ ಮಾತು

ಜಯನಗರಕ್ಕೆ ಹೊಂದಿಕೊಂಡಂತೆಯೇ ಇರುವ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತ ಬಂಡೆಯನ್ನು ನೀವು ಹತ್ತಿಯೇ ಇರುತ್ತೀರಿ. ಅದರ ಮೈಮೇಲೆ ಬಿಳುಪು ಮತ್ತು ಕಪ್ಪು ಪಟ್ಟೆಗಳು ಬಳುಕುತ್ತಾ ಸಾಗಿರುವುದನ್ನು ಗಮನಿಸಿದ್ದೀರಾ? ಇದು ನೈಸ್ ಎಂಬ ಜಾತಿಯ ಶಿಲೆ. ದಕ್ಷಿಣ ಭಾರತದ ಬಹುಭಾಗಕ್ಕೆ ಅಡಿಪಾಯವಾಗಿರುವ ಈ ಶಿಲೆಗೆ 'ಪೆನಿನ್ಸುಲರ್ ನೈಸ್' ಎಂಬ ಹೆಸರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯೂ.ಎಫ್. ಸ್ಮೀತ್ 1916ರಲ್ಲಿ ಬಳಕೆಗೆ ತಂದರು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಬನಶಂಕರಿಗೆ ಸಮೀಪದ ಕುಮಾರಸ್ವಾಮಿ ಬಡಾವಣೆಯಲ್ಲಿ ಕಚೇರಿಯಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಲಾಲ್‌ಬಾಗಿನ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬಸವನಗುಡಿಯ ಕಹಳೆ ಬಂಡೆಯೂ ಇದೇ ಕುಲದ್ದು. ಜಯನಗರದ ರಾಗಿಗುಡ್ಡದ ವಿಷಯದಲ್ಲಿ, ರಾಗಿಯ ರಾಶಿಯೇ ಕಲ್ಲಾಯಿತೆಂಬ ಕಥೆಯನ್ನು ಹಿರಿಯರಿಂದ ನೀವು ಕೇಳಿರಬಹುದು.

ಈ ಬಂಡೆ ಹುಟ್ಟಿದ್ದು ಭೂಮಿಯ ಆಳದಲ್ಲಿ, ಅತಿಯಾದ ಶಾಖ ಮತ್ತು ಒತ್ತಡಗಳ ನಡುವೆ. ಆ ಕಾಲದಲ್ಲಿ ಭೂಮಿಯ ಮೇಲೆ ಮೀನಿರಲಿಲ್ಲ, ಮರವಿರಲಿಲ್ಲ. ಬರಿಗಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳು ಮಾತ್ರ ಇದ್ದವು. ಕಲ್ಲಿನೊಳಗೆ ರಂಧ್ರಗಳೂ ಇಲ್ಲ, ಬಿರುಕುಗಳಷ್ಟೇ ಇವೆ. ನಿಮ್ಮ ಬೀದಿಯ ಕೊಳವೆ ಬಾವಿಗೆ ನೀರು ಬಂದರೆ ಅದು ಅಂಥ ಒಂದು ಬಿರುಕಿನಿಂದ ಬಂದದ್ದು. ಇಂಥ ಕಲ್ಲು ಎಣ್ಣೆಯನ್ನು ಹುಟ್ಟಿಸಲಾರದು, ಹೆಚ್ಚಾಗಿ ಹಿಡಿದಿಡಲೂ ಆರದು.

ಹುಟ್ಟುವುದು ಒಂದೆಡೆ, ನಿಲ್ಲುವುದು ಇನ್ನೊಂದೆಡೆ

ಕಚ್ಚಾತೈಲ ಮತ್ತು ನೈಸರ್ಗಿಕ ಅನಿಲಗಳು ಹೆಚ್ಚಾಗಿ ಹುಟ್ಟುವುದು ಸಮುದ್ರ ಅಥವಾ ಸರೋವರಗಳ ತಳದ ಕೆಸರಿನಲ್ಲಿ. ಸತ್ತ ಪಾಚಿ ಮತ್ತು ಸೂಕ್ಷ್ಮ ಜೀವಿಗಳು ಕೆಸರಿನೊಡನೆ ಹೂತುಹೋಗಿ, ಮೇಲೆ ಮೇಲೆ ಮಣ್ಣು ಬಿದ್ದು, ಕೆಲವು ಕಿಲೋಮೀಟರ್ ಆಳಕ್ಕಿಳಿದು, ಲಕ್ಷಾಂತರ ವರ್ಷ ಹದವಾಗಿ ಬೆಂದಾಗ ಎಣ್ಣೆಯಾಗುತ್ತವೆ. ಶಾಖ ಇನ್ನೂ ಹೆಚ್ಚಾದರೆ ಅನಿಲವಾಗುತ್ತವೆ. ಆದರೆ ಎಣ್ಣೆ ನೀರಿಗಿಂತ ಹಗುರ. ಕಲ್ಲಿನ ರಂಧ್ರಗಳಲ್ಲೆಲ್ಲ ನೀರು ತುಂಬಿರುವುದರಿಂದ, ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವ ಹಾಗೆ, ಅದು ನಿಧಾನವಾಗಿ ಮೇಲಕ್ಕೆ ಏರುತ್ತದೆ. ತಡೆಯುವವರಿಲ್ಲದಿದ್ದರೆ ನೆಲದ ಮೇಲಕ್ಕೆ ಬಂದು ಆವಿಯಾಗಿ, ಡಾಂಬರಾಗಿ ಮುಗಿದುಹೋಗುತ್ತದೆ. ಜಗತ್ತಿನಲ್ಲಿ ಹುಟ್ಟಿದ ಎಣ್ಣೆಯ ಬಹುಪಾಲಿಗೆ ಆದದ್ದು ಇದೇ ಗತಿ.

ಆದ್ದರಿಂದ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಣ್ಣೆ ಸಿಗುವುದು ಅದು ಹುಟ್ಟಿದಲ್ಲಲ್ಲ, ಅದನ್ನು ತಡೆದು ನಿಲ್ಲಿಸಿದಲ್ಲಿ. ಇದಕ್ಕೆ ಮೂರು ಅನುಕೂಲಗಳು ಕೂಡಿಬರಬೇಕು. ಎಣ್ಣೆ ಬೇಯುವ ಒಲೆಯಂಥ ಶಿಲೆ, ಅದನ್ನು ತುಂಬಿಕೊಳ್ಳುವ ರಂಧ್ರಮಯ ಮರಳುಗಲ್ಲು ಅಥವಾ ಸುಣ್ಣಕಲ್ಲಿನ ಕಣಜ, ಆ ಕಣಜದ ಮೇಲೊಂದು ಬಿಗಿಯಾದ ಮುಚ್ಚಳ. ಜೇಡಿಗಲ್ಲೂ ಮುಚ್ಚಳವಾಗಬಲ್ಲದು. ಆದರೆ ಮುಚ್ಚಳಗಳಲ್ಲಿ ಶ್ರೇಷ್ಠವಾದದ್ದು ಉಪ್ಪು.

ಉಪ್ಪಿನ ಗುಣಗಳು

ನೆಲದಡಿ ಉಪ್ಪು ಬಂದದ್ದಾದರೂ ಹೇಗೆ? ಉತ್ತರ ಕನ್ನಡದ ಗೋಕರ್ಣದ ಬಳಿ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಸಮುದ್ರದ ನೀರನ್ನು ಪಾತಿಗಳಿಗೆ ಹಾಯಿಸಿ ಬಿಸಿಲಿಗೆ ಬಿಟ್ಟರೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಪ್ರಕೃತಿಯೂ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು. ಕಡಲಿನ ಒಂದು ತೋಳು ಹೊರಗಿನ ಸಾಗರದಿಂದ ಬಹುಮಟ್ಟಿಗೆ ಬೇರೆಯಾಗಿ, ಬಿಸಿಲು ಹೆಚ್ಚಿ ಮಳೆ ಕಡಿಮೆಯಾದರೆ, ಮೊದಲು ಜಿಪ್ಸಂ, ಆಮೇಲೆ ಉಪ್ಪು ತಳದಲ್ಲಿ ಕೂರುತ್ತವೆ. ಸಾವಿರ ಮೀಟರ್ ಆಳದ ಸಮುದ್ರ ಒಂದು ಸಲ ಪೂರ್ತಿ ಇಂಗಿದರೂ ಉಳಿಯುವ ಉಪ್ಪು ಸುಮಾರು 15 ಮೀಟರ್ ಮಾತ್ರ. ಹಾಗಿದ್ದೂ ಕಿಲೋಮೀಟರ್ ದಪ್ಪದ ಉಪ್ಪಿನ ಪದರಗಳು ಭೂಮಿಯಲ್ಲಿವೆ. ಅಲ್ಲೆಲ್ಲ ಸಮುದ್ರದ ನೀರು ಮತ್ತೆ ಮತ್ತೆ ಒಳಹರಿದು ಮತ್ತೆ ಮತ್ತೆ ಇಂಗಿರಬೇಕು. ಸುಮಾರು 59 ಲಕ್ಷ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರಕ್ಕೆ ಹೀಗೆಯೇ ಆಯಿತು. 2015ರಲ್ಲಿ ಈಜಿಪ್ಟಿನ ಕಡಲಿನಲ್ಲಿ ಸಿಕ್ಕ ಜೋಹರ್ ಎಂಬ ದೊಡ್ಡ ಅನಿಲ ನಿಕ್ಷೇಪಕ್ಕೆ ಆ ಕಾಲದ ಉಪ್ಪೇ ಮುಚ್ಚಳ.

ಉಪ್ಪಿನ ಹರಳುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಎಣ್ಣೆಯಾಗಲಿ ಅನಿಲವಾಗಲಿ ಅದರ ಮೂಲಕ ನುಸುಳುವುದು ಬಹಳ ಕಷ್ಟ. ಗಟ್ಟಿಯಾದ ಕಲ್ಲು ಒತ್ತಡಕ್ಕೆ ಸೀಳುತ್ತದೆ. ಉಪ್ಪು ಹಾಗಲ್ಲ, ಆಳದ ಒತ್ತಡದಲ್ಲಿ ಅದು ಹಪ್ಪಳದ ಹಿಟ್ಟಿನಂತೆ ನಿಧಾನವಾಗಿ ಹರಿಯುತ್ತದೆ, ಬಿರುಕು ಬಿಟ್ಟರೂ ತಾನೇ ಮುಚ್ಚಿಕೊಳ್ಳುತ್ತದೆ. ಕುಕ್ಕರಿನ ಮುಚ್ಚಳಕ್ಕೆ ರಬ್ಬರಿನ ಬಳೆ ಮಾಡುವ ಕೆಲಸವನ್ನು ನೆಲದೊಳಗೆ ಉಪ್ಪು ಮಾಡುತ್ತದೆ. ಅಲ್ಲದೆ ಉಪ್ಪು ಶಾಖವನ್ನು ಇತರ ಕಲ್ಲುಗಳಿಗಿಂತ ಚೆನ್ನಾಗಿ ಸಾಗಿಸುವುದರಿಂದ ತನ್ನ ಕೆಳಗಿನ ಪದರಗಳನ್ನು ತುಸು ತಂಪಾಗಿ ಇಡುತ್ತದೆ. ಕೆಳಗಿರುವ ಎಣ್ಣೆ ಅತಿಯಾಗಿ ಬೆಂದು ಕೆಡುವುದಿಲ್ಲ.

ಉಪ್ಪು ಹುಡುಕಿದವರಿಗೆ ಎಣ್ಣೆ

ಈ ಸಂಬಂಧವನ್ನು ವಿಜ್ಞಾನಿಗಳಿಗಿಂತ ಮೊದಲು ಕಂಡವರು ಉಪ್ಪಿನ ಕೆಲಸಗಾರರು. ಚೀನಾದ ಸಿಚುವಾನ್ ಪ್ರಾಂತ್ಯದ ಜಿಗಾಂಗ್ ಊರಿನಲ್ಲಿ ಉಪ್ಪುನೀರಿಗಾಗಿ ಆಳವಾದ ಬಾವಿಗಳನ್ನು ಕೊರೆಯುವ ಕಸುಬು ಬಹು ಪುರಾತನ. ಬಿದಿರಿನ ಹಗ್ಗಕ್ಕೆ ಕಬ್ಬಿಣದ ಉಳಿ ಕಟ್ಟಿ ಎತ್ತಿ ಕುಕ್ಕುತ್ತಾ ಅವರು 1835ರಲ್ಲಿ ಶೆನ್‌ಹಾಯ್ ಎಂಬ ಬಾವಿಯನ್ನು 1001 ಮೀಟರ್ ಆಳಕ್ಕೆ ಇಳಿಸಿದರು. ಉಪ್ಪುನೀರಿನ ಜೊತೆ ಉರಿಯುವ ಅನಿಲವೂ ಬರುತ್ತಿತ್ತು. ಅದನ್ನು ಬಿದಿರಿನ ಕೊಳವೆಗಳಲ್ಲಿ ಸಾಗಿಸಿ, ಅದರ ಉರಿಯಲ್ಲೇ ಉಪ್ಪುನೀರನ್ನು ಕಾಯಿಸುತ್ತಿದ್ದರು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿಯೂ 19ನೇ ಶತಮಾನದ ಮಧ್ಯದಲ್ಲಿ ಉಪ್ಪಿನ ಬಾವಿಗಳಿಗೆ ಎಣ್ಣೆ ನುಗ್ಗಿ ಉಪ್ಪನ್ನು ಕೆಡಿಸುತ್ತಿತ್ತು. ಸ್ಯಾಮ್ಯುಯೆಲ್ ಕೀಯರ್ ಎಂಬಾತ ಆ ಎಣ್ಣೆಯನ್ನೇ ಬಾಟಲಿಗಳಲ್ಲಿ ತುಂಬಿ ಔಷಧಿಯೆಂದು ಮಾರಿದ. 1859ರ ಆಗಸ್ಟ್ 27ರಂದು ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಸುಮಾರು 21 ಮೀಟರ್ ಆಳದಲ್ಲಿ ಎಣ್ಣೆ ಕಂಡಾಗ, ಆ ಬಾವಿಯನ್ನು ಕೊರೆದಿದ್ದವನು ಉಪ್ಪಿನ ಬಾವಿಗಳನ್ನು ಕೊರೆದು ಪಳಗಿದ್ದ ಕಮ್ಮಾರ ವಿಲಿಯಂ ಸ್ಮಿತ್. ಎಣ್ಣೆಯ ಉದ್ಯಮ ತನ್ನ ಹತ್ಯಾರುಗಳನ್ನು ಉಪ್ಪಿನ ಉದ್ಯಮದಿಂದ ಎರವಲು ಪಡೆಯಿತೆಂದರೆ ತಪ್ಪಾಗದು. ಆದರೂ ಉಪ್ಪೇ ಎಣ್ಣೆಯನ್ನು ಹಿಡಿದಿಡಬಲ್ಲದೆಂದು ಆಗ ಯಾರೂ ಊಹಿಸಿರಲಿಲ್ಲ.

ಆ ಪಾಠ ಸಿಕ್ಕಿದ್ದು ಟೆಕ್ಸಾಸ್‌ನಲ್ಲಿ. ಬೋಮಾಂಟ್ ಎಂಬ ಊರಿನ ಹೊರಗೆ, ಸುತ್ತಲಿನ ಬಯಲಿಗಿಂತ ಸುಮಾರು 15 ಅಡಿಯಷ್ಟೇ ಎತ್ತರದ ಒಂದು ದಿಬ್ಬವಿತ್ತು. ಹೆಸರು ಸ್ಪಿಂಡಲ್‌ಟಾಪ್. ಅಲ್ಲಿ ನೆಲದಿಂದ ಅನಿಲದ ಗುಳ್ಳೆಗಳು ಏಳುವುದನ್ನು ಕಂಡಿದ್ದ ಪಟಿಲೊ ಹಿಗಿನ್ಸ್ ಎಂಬ ಸ್ಥಳೀಯ, ಒಳಗೆ ಎಣ್ಣೆಯಿದೆಯೆಂದು ವರ್ಷಗಟ್ಟಲೆ ವಾದಿಸಿದ. ತಜ್ಞರು ನಕ್ಕರು. ಅವನ ಮಾತಿಗೆ ಕಿವಿಗೊಟ್ಟವನು ಆಂಥೊನಿ ಲೂಕಸ್. ಇಂದಿನ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ 1855ರಲ್ಲಿ ಹುಟ್ಟಿ, ಅಮೆರಿಕಕ್ಕೆ ಬಂದು, ಲೂಯಿಸಿಯಾನಾದಲ್ಲಿ ಉಪ್ಪಿನ ಗಣಿಗಳ ಎಂಜಿನಿಯರಾಗಿ ದುಡಿದವನು ಈತ. ಅಲ್ಲಿನ ಉಪ್ಪಿನ ದಿಬ್ಬಗಳ ಅಂಚಿನಲ್ಲಿ ಗಂಧಕ, ಅನಿಲ ಮತ್ತು ಎಣ್ಣೆಯ ಜಿಡ್ಡನ್ನು ಅವನು ಕಂಡಿದ್ದ. ಸ್ಪಿಂಡಲ್‌ಟಾಪ್ ಕೂಡ ಅಂಥದೇ ದಿಬ್ಬವೆಂದು ಅವನಿಗೆ ಅನ್ನಿಸಿತು.

1901ರ ಜನವರಿ 10ರಂದು, ಬಾವಿ ಸುಮಾರು 350 ಮೀಟರ್ ಆಳಕ್ಕಿಳಿದಿದ್ದಾಗ, ಕೊರೆಯುವ ಕೊಳವೆಗಳನ್ನೇ ಮೇಲಕ್ಕೆಸೆದು ಕೆಸರು, ಅನಿಲ, ಅದರ ಹಿಂದೆಯೇ ಎಣ್ಣೆ ಆಕಾಶಕ್ಕೆ ಚಿಮ್ಮಿತು. ಅದನ್ನು ಹಿಡಿತಕ್ಕೆ ತರಲು ಒಂಬತ್ತು ದಿನ ಬೇಕಾಯಿತು. ದಿನಕ್ಕೆ ಸುಮಾರು ಒಂದು ಲಕ್ಷ ಪೀಪಾಯಿ ಎಣ್ಣೆ ಹರಿಯಿತೆಂಬ ಅಂದಾಜಿದೆ. ದಿಬ್ಬದ ಎಣ್ಣೆ ಕೆಲವೇ ವರ್ಷಗಳಲ್ಲಿ ಇಳಿಮುಖವಾಗಿ, ಎಲ್ಲ ಮುಗಿಯಿತೆಂದು ಜನ ಬಿಟ್ಟುಹೋದರು. ಆದರೆ 1925ರಲ್ಲಿ ದಿಬ್ಬದ ನೆತ್ತಿಯನ್ನು ಬಿಟ್ಟು ಪಕ್ಕೆಯಲ್ಲಿ ಕೊರೆದಾಗ ಮತ್ತೆ ಎಣ್ಣೆ ಉಕ್ಕಿತು. ಉಪ್ಪಿನ ಕಂಬದ ತಲೆಯ ಮೇಲೆ ಮಾತ್ರವಲ್ಲ, ಅದರ ಪಕ್ಕೆಗೆ ಒರಗಿದ ಪದರಗಳಲ್ಲಿಯೂ ಎಣ್ಣೆ ನಿಲ್ಲುತ್ತದೆಂಬುದು ಆಗ ಚೆನ್ನಾಗಿ ಮನದಟ್ಟಾಯಿತು.

ಮೇಲೇಳುವ ಉಪ್ಪು

ಉಪ್ಪಿನ ಪದರ ಕಂಬವಾದದ್ದು ಹೇಗೆ? ಉಪ್ಪಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 2.16 ಗ್ರಾಂ, ಎಷ್ಟು ಆಳಕ್ಕೆ ಹೋದರೂ ಅದು ಹೆಚ್ಚು ಬದಲಾಗದು. ಮರಳು, ಜೇಡಿಗಳು ಹಾಗಲ್ಲ. ಹೂತಷ್ಟೂ ಅವು ಒತ್ತಿಕೊಂಡು ಉಪ್ಪಿಗಿಂತ ಭಾರವಾಗುತ್ತವೆ. ಆಗ ಭಾರವಾದದ್ದು ಮೇಲೆ, ಹಗುರವಾದದ್ದು ಕೆಳಗೆ ಎಂಬ ಸ್ಥಿತಿ ಬರುತ್ತದೆ. ಮೇಲಿನ ಭಾರ ಎಲ್ಲ ಕಡೆ ಒಂದೇ ಸಮವಾಗಿರದಿದ್ದರೆ ಅಥವಾ ನೆಲ ಸೀಳಿದರೆ, ಉಪ್ಪು ಆ ಸಂದಿನ ಕಡೆಗೆ ಹರಿದು ಮೇಲಕ್ಕೇಳುತ್ತದೆ. ಏಳುವಾಗ ತನ್ನ ಮೇಲಿನ ಪದರಗಳನ್ನು ಗುಮ್ಮಟದಂತೆ ಬಾಗಿಸುತ್ತದೆ, ಪಕ್ಕದ ಪದರಗಳನ್ನು ಕತ್ತರಿಸಿ ಮೇಲ್ಮುಖವಾಗಿ ಎತ್ತುತ್ತದೆ. ಗುಮ್ಮಟದ ನೆತ್ತಿಯಲ್ಲಿಯೂ, ಕತ್ತರಿಸಿದ ಪದರಗಳ ತುದಿಯಲ್ಲಿಯೂ ಎಣ್ಣೆ ಸಿಕ್ಕಿಕೊಳ್ಳುತ್ತದೆ. ಮೇಲೆ ಚುಚ್ಚಿಕೊಂಡು ಬರುವ ಇಂಥ ರಚನೆಗೆ 'ಡಯಾಪಿರ್' ಎಂಬ ಹೆಸರು ಕೊಟ್ಟವನು ರುಮೇನಿಯಾದ ಭೂವಿಜ್ಞಾನಿ ಲುಡೊವಿಕ್ ಮ್ರಾಜೆಕ್. ಟೆಕ್ಸಾಸ್ ಮತ್ತು ಲೂಯಿಸಿಯಾನಾದ ದಿಬ್ಬಗಳೆಲ್ಲ ಡೈನೋಸಾರುಗಳ ಕಾಲದಲ್ಲಿ ಇಂಗಿದ ಒಂದೇ ಕಡಲಿನ ಉಪ್ಪು ಮೇಲೆದ್ದು ಆದವು.

ಎಲ್ಲ ಉಪ್ಪಿನ ಕಂಬಗಳೂ ನೆಲದ ಮೇಲೆ ದಿಬ್ಬ ಮೂಡಿಸುವುದಿಲ್ಲ. ಕಾಣದ ಕಂಬವನ್ನು ಹುಡುಕುವುದು ಹೇಗೆ? ಉಪ್ಪು ಹಗುರವಾದ್ದರಿಂದ ಅದರ ಮೇಲೆ ಗುರುತ್ವಾಕರ್ಷಣೆ ಕೂದಲೆಳೆಯಷ್ಟು ವ್ಯತ್ಯಾಸವಾಗುತ್ತದೆ. ಹಂಗೇರಿಯ ಭೌತವಿಜ್ಞಾನಿ ಲೊರಾಂಡ್ ಯೊಟ್ವೋಷ್ ರೂಪಿಸಿದ್ದ ತಿರುಚು ತಕ್ಕಡಿ ಆ ವ್ಯತ್ಯಾಸವನ್ನು ಅಳೆಯಬಲ್ಲದಾಗಿತ್ತು. 1924ರಲ್ಲಿ ಟೆಕ್ಸಾಸ್‌ನ ನ್ಯಾಶ್ ಎಂಬಲ್ಲಿ ಈ ಉಪಕರಣದಿಂದಲೇ ಒಂದು ಉಪ್ಪಿನ ಗುಮ್ಮಟವನ್ನು ಪತ್ತೆ ಹಚ್ಚಿದರು. ಅದೇ ಕಾಲದಲ್ಲಿ, ನೆಲದಲ್ಲಿ ಸಿಡಿಮದ್ದು ಸಿಡಿಸಿ ಕಂಪನದ ಅಲೆಗಳು ಬರುವ ವೇಳೆಯನ್ನು ಅಳೆಯುವ ವಿಧಾನವೂ ಬಳಕೆಗೆ ಬಂದಿತು. ಉಪ್ಪಿನಲ್ಲಿ ಅಲೆಗಳು ಸುತ್ತಲಿನ ಮೆದು ಪದರಗಳಿಗಿಂತ ಬೇಗ ಓಡುತ್ತವೆ. ಭೌತಶಾಸ್ತ್ರದ ಪಾಠದಲ್ಲಿ ನೀವು ಓದುವ ಗುರುತ್ವ ಮತ್ತು ಅಲೆಗಳ ನಿಯಮಗಳು ಹೀಗೆ ಭೂಗರ್ಭದ ಕಣ್ಣುಗಳಾದವು.

ನಮ್ಮ ಪೆಟ್ರೋಲ್ ಬಂಕಿನವರೆಗೆ

ಇದೆಲ್ಲ ದೂರದ ಮಾತೆಂದು ನಿಮಗೆ ಅನ್ನಿಸಬಹುದು. ಬಿ.ಟಿ.ಎಂ. ಬಡಾವಣೆಯ ಯಾವುದಾದರೂ ಪೆಟ್ರೋಲ್ ಬಂಕಿನಿಂದ ಹಿಮ್ಮುಖವಾಗಿ ನಡೆದು ನೋಡೋಣ. ಬೆಂಗಳೂರಿಗೆ ಬರುವ ಪೆಟ್ರೋಲ್, ಡೀಸೆಲ್‌ಗಳ ದೊಡ್ಡ ಪಾಲು ಮಂಗಳೂರಿನ ತೈಲ ಸಂಸ್ಕರಣಾಗಾರದ್ದು. 1996ರಲ್ಲಿ ಕೆಲಸ ಆರಂಭಿಸಿದ ಆ ಕಾರ್ಖಾನೆಯಿಂದ ಪಶ್ಚಿಮ ಘಟ್ಟವನ್ನು ಹತ್ತಿ, ಹಾಸನವನ್ನು ಹಾದು, ಹೊಸಕೋಟೆ ಬಳಿಯ ದೇವನಗೊಂದಿಯವರೆಗೆ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವಿದೆ. 2003ರಿಂದ ಅದರಲ್ಲಿ ಇಂಧನ ಹರಿಯುತ್ತಿದೆ. ಮಂಗಳೂರಿಗೆ ಕಚ್ಚಾತೈಲ ಬರುವುದು ಹಡಗಿನಲ್ಲಿ, ಬಹಳಷ್ಟು ಪರ್ಷಿಯನ್ ಕೊಲ್ಲಿಯ ಕಡೆಯಿಂದ. ಇರಾನಿನ ಎಣ್ಣೆಯಂತೂ ಬಹುಕಾಲ ಮಂಗಳೂರಿಗೆ ಮುಖ್ಯವಾಗಿತ್ತು. ಅಮೆರಿಕದ ನಿರ್ಬಂಧಗಳಿಂದಾಗಿ 2019ರಲ್ಲಿ ಆ ಆಮದು ನಿಂತಿತು.

ಕೊಲ್ಲಿಯ ಎಣ್ಣೆಯನ್ನು ಕಾಪಾಡಿದ್ದು ಯಾವುದು? 1908ರ ಮೇ 26ರಂದು ಇರಾನಿನ ಮಸ್ಜಿದ್-ಎ-ಸುಲೇಮಾನ್‌ನಲ್ಲಿ ಎಣ್ಣೆ ಸಿಕ್ಕಿತು. ಅಲ್ಲಿ ಎಣ್ಣೆ ತುಂಬಿದ್ದು ಅಸ್ಮಾರಿ ಎಂಬ ಸುಣ್ಣಕಲ್ಲಿನಲ್ಲಿ. ಅದರ ಮೇಲಿನ ಮುಚ್ಚಳ ಗಚ್‌ಸಾರಾನ್ ಎಂಬ ಉಪ್ಪು ಮತ್ತು ಅನ್‌ಹೈಡ್ರೈಟ್ ಪದರಗಳು. ಅನ್‌ಹೈಡ್ರೈಟ್ ಎಂದರೆ ನೀರಿನಂಶ ಕಳೆದುಕೊಂಡ ಜಿಪ್ಸಂ. ಉಪ್ಪಿನ ಜೊತೆ ಒಂದೇ ಆಗರದಲ್ಲಿ ಹುಟ್ಟುವ ಸೋದರಿ. ಸೌದಿ ಅರೇಬಿಯಾದಲ್ಲಿ 1938ರಲ್ಲಿ ಮೊದಲು ವಾಣಿಜ್ಯ ಪ್ರಮಾಣದ ಎಣ್ಣೆ ಕೊಟ್ಟ ದಮ್ಮಾಮ್ ಗುಮ್ಮಟ, ಬಹು ಆಳದಲ್ಲಿರುವ ಹಾರ್ಮೂಜ್ ಉಪ್ಪು ಮೇಲೊತ್ತಿದ್ದರಿಂದ ಮೂಡಿದ್ದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ದೇಶದ ಅತಿ ದೊಡ್ಡ ನಿಕ್ಷೇಪವಾದ ಘವಾರ್‌ನ ಮುಚ್ಚಳವೂ ಅನ್‌ಹೈಡ್ರೈಟೇ. ಹೀಗೆ ನಿಮ್ಮ ಬೀದಿಯಲ್ಲಿ ಓಡುವ ಸ್ಕೂಟರಿನ ಒಂದು ಲೀಟರ್ ಪೆಟ್ರೋಲಿನ ಹಿಂದೆ, ಎಂದೋ ಬತ್ತಿದ ಒಂದು ಕಡಲಿನ ಉಪ್ಪು ನಿಂತಿದೆ.

ನಮ್ಮ ದೇಶದಲ್ಲಿಯೂ ಇಂಥ ಉಪ್ಪುಂಟು. ರಾಜಸ್ಥಾನದ ಬಿಕಾನೇರ್–ನಾಗೌರ್ ಪ್ರದೇಶದ ನೆಲದಡಿ ಹನ್ಸೇರನ್ ಎಂಬ ಉಪ್ಪಿನ ಪದರಗಳಿವೆ. ಇವೂ, ಪಾಕಿಸ್ತಾನದ ಖೇವ್ಡಾ ಗಣಿಯ ಉಪ್ಪೂ, ಒಮಾನಿನ ಹಾಗೂ ಹಾರ್ಮೂಜಿನ ಉಪ್ಪೂ ಹೆಚ್ಚು ಕಡಿಮೆ ಒಂದೇ ಕಾಲದವು. ಸುಮಾರು 54 ಕೋಟಿ ವರ್ಷಗಳ ಹಿಂದಿನವು. 1991ರಲ್ಲಿ ಆಯಿಲ್ ಇಂಡಿಯಾ ಸಂಸ್ಥೆ ಜೈಸಲ್ಮೇರ್ ಜಿಲ್ಲೆಯ ಬಾಘೇವಾಲಾದಲ್ಲಿ, ಈ ಉಪ್ಪಿಗಿಂತ ಕೆಳಗಿನ ಜೋಧಪುರ ಮರಳುಗಲ್ಲಿನಲ್ಲಿ ಎಣ್ಣೆಯನ್ನು ಕಂಡಿತು. ಅದು ಬೆಲ್ಲದ ಪಾಕದಂತೆ ಗಟ್ಟಿಯಾದ ಭಾರವಾದ ಎಣ್ಣೆ. ಹಬೆಯನ್ನು ಒಳಗೆ ಹಾಯಿಸಿ ಮೆದುಗೊಳಿಸಿ ಅದನ್ನು ಮೇಲೆತ್ತಬೇಕು.

ಉಪ್ಪು ತಿಂದ ಮೇಲೆ

ಉಪ್ಪಿನ ಕೆಳಗಿನ ಸಂಪತ್ತು ಸುಲಭವಾಗಿ ಕಾಣುವುದಿಲ್ಲ. ಉಪ್ಪಿನ ವಕ್ರವಾದ ಮೈಯಲ್ಲಿ ಕಂಪನದ ಅಲೆಗಳು ಬಾಗಿ ಚದುರುವುದರಿಂದ ಕೆಳಗಿನ ಚಿತ್ರ ಮಸುಕಾಗುತ್ತದೆ. ಬ್ರೆಜಿಲ್ ದೇಶದವರು 2006ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ತುಪಿ ಎಂಬ ನಿಕ್ಷೇಪವನ್ನು ಕಂಡಾಗ, ಮೊದಲು ಎರಡು ಕಿಲೋಮೀಟರ್ ನೀರು, ಆಮೇಲೆ ಮಣ್ಣು, ಅದರಡಿ ಎರಡು ಕಿಲೋಮೀಟರ್‌ವರೆಗೂ ದಪ್ಪವಿರುವ ಉಪ್ಪು, ಇಷ್ಟನ್ನೂ ದಾಟಬೇಕಾಯಿತು. ಇಂದು ಆ ದೇಶದ ತೈಲೋತ್ಪಾದನೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಉಪ್ಪಿನ ಕೆಳಗಿನಿಂದ ಬರುತ್ತಿದೆ.

ಆದರೆ 'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂಬ ನಮ್ಮ ಗಾದೆ ಇಲ್ಲಿಯೂ ನಿಜ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಪ್ರಾಂತ್ಯದಲ್ಲಿ 1959ರಲ್ಲಿ ಯೂರೋಪಿನ ಬಹು ದೊಡ್ಡ ಅನಿಲ ನಿಕ್ಷೇಪ ದೊರೆಯಿತು. ಪುರಾತನ ಕಲ್ಲಿದ್ದಲಿನಿಂದ ಹುಟ್ಟಿದ ಅನಿಲ ಮರಳುಗಲ್ಲಿನಲ್ಲಿ ತುಂಬಿತ್ತು. ಮೇಲೆ ಉಪ್ಪಿನ ದಪ್ಪ ಮುಚ್ಚಳ. ಹತ್ತಾರು ವರ್ಷ ಅನಿಲ ತೆಗೆದಂತೆ ಒಳಗಿನ ಒತ್ತಡ ಇಳಿದು ಮರಳುಗಲ್ಲು ಕುಗ್ಗಿತು, ಹಳೆಯ ಬಿರುಕುಗಳು ಜಾರಿದವು. ಭೂಕಂಪವನ್ನೇ ಅರಿಯದಿದ್ದ ಬಯಲು ಸೀಮೆಯಲ್ಲಿ 2012ರ ಆಗಸ್ಟ್ 16ರಂದು 3.6 ಪ್ರಮಾಣದ ಕಂಪನವಾಯಿತು. ಸಾವಿರಾರು ಮನೆಗಳ ಇಟ್ಟಿಗೆ ಗೋಡೆಗಳು ಬಿರಿದವು. ಜನರ ಒತ್ತಾಯಕ್ಕೆ ಮಣಿದು ಸರ್ಕಾರ 2023ರ ಅಕ್ಟೋಬರ್ 1ರಂದು ಅನಿಲ ತೆಗೆಯುವುದನ್ನು ನಿಲ್ಲಿಸಿತು. ಒಳಗೆ ಇನ್ನೂ ಬಹಳಷ್ಟು ಅನಿಲ ಉಳಿದಿದೆ.

ಲೂಯಿಸಿಯಾನಾದ ಪೆನ್ಯೂರ್ ಸರೋವರದ ಕಥೆ ಇನ್ನೂ ವಿಚಿತ್ರ. 1980ರ ನವೆಂಬರ್ 20ರಂದು, ಉಪ್ಪಿನ ಗುಮ್ಮಟದ ಬಳಿ ಎಣ್ಣೆಗಾಗಿ ಸರೋವರದಲ್ಲಿ ಇಳಿಸಿದ್ದ ಕೊರೆ, ಕೆಳಗಿದ್ದ ಉಪ್ಪಿನ ಗಣಿಗೆ ತೂತು ಕೊರೆಯಿತು. ಸಿಹಿನೀರು ಉಪ್ಪನ್ನು ಕರಗಿಸುತ್ತಾ ನುಗ್ಗಿ, ಕೆಲವೇ ಗಂಟೆಗಳಲ್ಲಿ ಸರೋವರವೇ ಗಣಿಯೊಳಕ್ಕೆ ಇಳಿದುಹೋಯಿತು. ಗಣಿಯಲ್ಲಿದ್ದ ಕೆಲಸಗಾರರೆಲ್ಲ ಜೀವಸಹಿತ ಪಾರಾದದ್ದು ಪುಣ್ಯ. ಎಣ್ಣೆಯನ್ನು ತಡೆಯುವ ಉಪ್ಪು ಸಿಹಿನೀರಿನ ಮುಂದೆ ನಿಲ್ಲದು.

ಉಪ್ಪಿಲ್ಲದ ನಾಡಿನ ಉಪಾಯ

ಉಪ್ಪು ಕರಗುತ್ತದೆಂಬ ಈ ದೋಷವನ್ನೇ ಗುಣವಾಗಿ ಬಳಸಿದ ಇನ್ನೊಂದು ಕಥೆಯುಂಟು. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆ ಮಾರಾಟಕ್ಕೆ ತಡೆ ಹಾಕಿದಾಗ ಅಮೆರಿಕ ಕಂಗಾಲಾಯಿತು. 1975ರಲ್ಲಿ ಕಾಯಿದೆ ಮಾಡಿ, 1977ರಿಂದ ಆಪತ್ಕಾಲಕ್ಕೆಂದು ಎಣ್ಣೆ ಕೂಡಿಡಲು ಆರಂಭಿಸಿತು. ಎಲ್ಲಿ? ಟೆಕ್ಸಾಸ್ ಮತ್ತು ಲೂಯಿಸಿಯಾನಾದ ಅದೇ ಉಪ್ಪಿನ ಗುಮ್ಮಟಗಳ ಹೊಟ್ಟೆಯಲ್ಲಿ. ಕೊಳವೆಯಿಂದ ನೀರು ಬಿಟ್ಟು ಉಪ್ಪನ್ನು ಕರಗಿಸಿ, ಉಪ್ಪುನೀರನ್ನು ಹೊರಹಾಕಿ, ಉಳಿದ ಪೊಳ್ಳಿನಲ್ಲಿ ಎಣ್ಣೆ ತುಂಬಿದರು. ಒಂದು ಪೀಪಾಯಿಯಷ್ಟು ಜಾಗ ಮಾಡಲು ಏಳು ಪೀಪಾಯಿ ನೀರು ಬೇಕು. ನಾಲ್ಕು ಸ್ಥಳಗಳಲ್ಲಿ ಹೀಗೆ ಮಾಡಿದ ಗುಹೆಗಳಲ್ಲಿ 70 ಕೋಟಿ ಪೀಪಾಯಿಗೂ ಹೆಚ್ಚು ಎಣ್ಣೆ ಹಿಡಿಯುತ್ತದೆ. ಬಿರುಕು ಬಿಟ್ಟರೆ ಉಪ್ಪು ತಾನೇ ಬೆಸೆದುಕೊಳ್ಳುತ್ತದೆ.

ನಮಗೂ ಇಂಥ ಆಪತ್ತು ಬಂದಿತ್ತು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಎಣ್ಣೆಯ ಬೆಲೆ ಗಗನಕ್ಕೇರಿತು. ಮೊದಲೇ ಸೊರಗಿದ್ದ ನಮ್ಮ ವಿದೇಶಿ ವಿನಿಮಯದ ಬೊಕ್ಕಸ ಬರಿದಾಗುತ್ತಾ ಬಂದು, 1991ರಲ್ಲಿ ದೇಶದ ಚಿನ್ನವನ್ನು ಹೊರದೇಶದಲ್ಲಿ ಅಡವಿಡಬೇಕಾಯಿತು. ನಾವು ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಆಮದಿನದು. ಆದ್ದರಿಂದ ತುರ್ತಿನ ದಾಸ್ತಾನು ನಮಗೂ ಬೇಕೆಂದು ಸರ್ಕಾರ ನಿಶ್ಚಯಿಸಿ 2004ರಲ್ಲಿ ಅದಕ್ಕಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಆದರೆ ಬಂದರು ಮತ್ತು ಸಂಸ್ಕರಣಾಗಾರಗಳಿರುವ ನಮ್ಮ ಕರಾವಳಿಯಲ್ಲಿ ಉಪ್ಪಿನ ಗುಮ್ಮಟವಿಲ್ಲ. ಇರುವುದು ಲಾಲ್‌ಬಾಗಿನ ಬಂಡೆಯ ಬಂಧುವಾದ ಗಟ್ಟಿ ಶಿಲೆ.

ಆ ಶಿಲೆಯನ್ನೇ ಕೊರೆದರು. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಕಾಪು ಬಳಿಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಗುಹೆಗಳು ಸಿದ್ಧವಾದವು. ಮೂರರಲ್ಲಿ ಎರಡು ಕರ್ನಾಟಕದವೇ. ಈಗ ಹುಟ್ಟುವ ಪ್ರಶ್ನೆ: ಬಂಡೆಯಲ್ಲಿ ಬಿರುಕುಗಳಿವೆಯಲ್ಲ, ಎಣ್ಣೆ ಸೋರದೇ? ಇಲ್ಲಿ ಎಂಜಿನಿಯರುಗಳು ನೀರನ್ನೇ ಮುಚ್ಚಳ ಮಾಡಿದ್ದಾರೆ. ಗುಹೆಗಳ ಮೇಲ್ಗಡೆ ಸಣ್ಣ ಸುರಂಗಗಳನ್ನು ತೆಗೆದು, ಅವುಗಳಿಂದ ರಂಧ್ರಗಳನ್ನು ಕೊರೆದು, ಸದಾ ನೀರು ತುಂಬಿಡುತ್ತಾರೆ. ಸುತ್ತಲಿನ ಬಿರುಕುಗಳಲ್ಲೆಲ್ಲ ನೀರಿನ ಒತ್ತಡ ಗುಹೆಯೊಳಗಿನ ಒತ್ತಡಕ್ಕಿಂತ ಹೆಚ್ಚಾಗಿರುತ್ತದೆ. ಎಣ್ಣೆ ಹೊರಗೆ ಹೋಗುವ ಬದಲು ನೀರೇ ಹನಿಹನಿಯಾಗಿ ಒಳಗೆ ಜಿನುಗುತ್ತದೆ. ಎಣ್ಣೆಗಿಂತ ಭಾರವಾದ ಆ ನೀರು ತಳದಲ್ಲಿ ಸೇರುತ್ತದೆ. ಅದನ್ನು ಪಂಪಿನಿಂದ ಮೇಲೆತ್ತುತ್ತಾರೆ. ಉಪ್ಪು ತಾನಾಗಿಯೇ ಮಾಡುವ ಕೆಲಸಕ್ಕೆ ಇಲ್ಲಿ ಹಗಲೂ ರಾತ್ರಿ ಕಾವಲು ಬೇಕು.

2020ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಎಣ್ಣೆಯ ಬೆಲೆ ಕುಸಿದಾಗ ಈ ಗುಹೆಗಳನ್ನು ತುಂಬಿಸಿಕೊಂಡು, ಸುಮಾರು 5,000 ಕೋಟಿ ರೂಪಾಯಿ ಉಳಿಸಿದೆವೆಂದು ಸರ್ಕಾರ ಹೇಳಿತು. ಆದರೂ ಮೂರೂ ಗುಹೆಗಳು ತುಂಬಿದ್ದರೆ ದೇಶಕ್ಕೆ ಸಾಲುವುದು ಸುಮಾರು ಒಂಬತ್ತೂವರೆ ದಿನ ಎಂಬುದು ಸರ್ಕಾರದ್ದೇ ಲೆಕ್ಕ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನ ಗುಹೆಗಳಿಗೆ 2021ರಲ್ಲಿ ಒಪ್ಪಿಗೆ ದೊರೆತಿದೆ. ಬಿಕಾನೇರಿನ ಉಪ್ಪಿನಲ್ಲಿ ಗುಹೆ ಮಾಡುವ ಸಾಧ್ಯತೆಯನ್ನೂ ತಜ್ಞರು ಪರಿಶೀಲಿಸಿದ್ದಾರೆ. ಅಲ್ಲಿನ ತೊಡಕೇನೆಂದು ನೀವೇ ಊಹಿಸಬಲ್ಲಿರಿ: ಉಪ್ಪನ್ನು ಕರಗಿಸಲು ಮರುಭೂಮಿಯಲ್ಲಿ ಅಷ್ಟು ನೀರನ್ನು ತರುವುದೆಲ್ಲಿಂದ, ಹೊರಬಂದ ಉಪ್ಪುನೀರನ್ನು ಚೆಲ್ಲುವುದೆಲ್ಲಿಗೆ?

ಕೊನೆಗೆ ಮತ್ತೆ ನಿಮ್ಮ ಬೀದಿಗೆ ಬರೋಣ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದ್ದು ನಿಮಗೆ ನೆನಪಿರಬಹುದು. ಪಾದೂರಿನ ಬಂಡೆಯ ಬಿರುಕುಗಳಲ್ಲಿ ನೀರು ಇಳಿದುಹೋಗದಂತೆ ಅಳತೆ ಮಾಡುತ್ತಾ ಕಾಯುತ್ತಾರೆ, ಅದು ಇಳಿದರೆ ಎಣ್ಣೆ ಸೋರುತ್ತದೆಂಬ ಭಯದಿಂದ. ಅದೇ ಬಗೆಯ ಬಿರುಕುಗಳಲ್ಲಿ ನಮ್ಮ ಕುಡಿಯುವ ನೀರೂ ಇದೆ. ಅದನ್ನು ಅಳೆಯುವವರೂ ತುಂಬಿಸುವವರೂ ಕಡಿಮೆ. ಲಕ್ಷಾಂತರ ವರ್ಷ ಉಪ್ಪು ಕಾದಿಟ್ಟ ಎಣ್ಣೆಯನ್ನು ಒಂದೆರಡು ಶತಮಾನಗಳಲ್ಲಿ ಖರ್ಚು ಮಾಡುತ್ತಿರುವ ನಾವು, ಮಳೆಗಾಲ ಬಂದಾಗಲೆಲ್ಲ ಮತ್ತೆ ತುಂಬಿಕೊಳ್ಳಬಲ್ಲ ನೀರಿನ ಲೆಕ್ಕವನ್ನಾದರೂ ಸರಿಯಾಗಿ ಇಡಬೇಡವೇ?

ಮುಂದಿನ ಭಾನುವಾರ ಬಿಡುವಿದ್ದರೆ ಲಾಲ್‌ಬಾಗಿನ ಬಂಡೆಯನ್ನು ಇನ್ನೊಮ್ಮೆ ಹತ್ತಿ. ಗೋಪುರವನ್ನು ನೋಡಿದ ಮೇಲೆ ಒಂದು ಕ್ಷಣ ಬಗ್ಗಿ, ಬಂಡೆಯ ಮೈಮೇಲಿನ ಬಿರುಕುಗಳನ್ನೂ ನೋಡಿ. ಮಳೆ ಬಂದ ಮರುದಿನವಾದರೆ, ನೀರು ಎಲ್ಲಿ ನಿಂತಿದೆ, ಎಲ್ಲಿ ಇಂಗಿದೆ ಎಂಬುದನ್ನು ನೀವೇ ಗುರುತಿಸಬಹುದು.